ನೂರಕ್ಕೆ 91

ಹೋದ ವರ್ಷ ಬೆಂಗಳೂರಲ್ಲಿ ನಡೆದ ಒಂದು ಟೆಕ್ ಎಕ್ಸ್‌ಪೋದಲ್ಲಿ ನಾನು ಒಬ್ಬ ಹೆಂಗಸಿನ ಪಿತ್ತಕೋಶ ತೆಗೆದೆ. ಗಾಬರಿ ಬೇಡ, ಹೆಂಗಸು ನಿಜದವಳಲ್ಲ. ತಲೆಗೆ ವಿಆರ್ ಹೆಡ್‌ಸೆಟ್ ಹಾಕಿಕೊಂಡು, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡ್ಕೊಂಡು, ಸ್ಟಾಲ್‌ನಲ್ಲಿದ್ದ ಹುಡುಗ ಹೇಳಿದ ಹಾಗೆ ಹತ್ತು ನಿಮಿಷ ಕೈ ಆಡಿಸಿದೆ. ಹಸಿರು ಬಟ್ಟೆ, ಮೇಲೆ ದೊಡ್ಡ ಲೈಟು, ಪಕ್ಕದಲ್ಲಿ ಬೀಪ್ ಬೀಪ್ ಅನ್ನೋ ಮಾನಿಟರು, ಎದುರಿಗೆ ಮಾಸ್ಕ್ ಹಾಕಿಕೊಂಡು ನಿಂತ ನರ್ಸು, ಎಲ್ಲ ಇತ್ತು. ಕೊನೆಗೆ ಸ್ಕೋರ್ ಬಂತು: ನೂರಕ್ಕೆ 91. ಕೆಳಗೆ 'ಎಕ್ಸಲೆಂಟ್' ಅಂತ ಹಸಿರು ಅಕ್ಷರ. ಹುಡುಗ ಕೈ ಕುಲುಕಿ, "ಸರ್, ನೀವು ಡಾಕ್ಟ್ರಾ?" ಅಂದ.

ನಾನು ಓದಿದ್ದು ಬಿಇ. ಜೀವಮಾನದಲ್ಲಿ ಚಾಕು ಹಿಡಿದು ಕೊಯ್ದಿರೋದು ಈರುಳ್ಳಿ, ಟೊಮ್ಯಾಟೊ ಮಾತ್ರ.

ಖುಷಿಯಾಯ್ತು, ಸುಳ್ಳು ಯಾಕೆ ಹೇಳ್ಲಿ. ಆದರೆ ಪಾರ್ಕಿಂಗ್‌ಗೆ ಬರೋ ಹೊತ್ತಿಗೆ ಆ ಖುಷಿ ಇಳಿದಿತ್ತು. ಯಾಕಂದ್ರೆ ಅದಕ್ಕೂ ಎರಡು ವರ್ಷ ಮುಂಚೆ ಇದೇ ಆಪರೇಷನ್ ನಮ್ಮವ್ವನಿಗೆ ಆಗಿತ್ತು.

ಪಿತ್ತಕೋಶದಲ್ಲಿ ಕಲ್ಲಿದೆ, ತೆಗೀಬೇಕು ಅಂತ ಡಾಕ್ಟ್ರು ಹೇಳಿದಾಗ ಬೆಂಗಳೂರಿಗೆ ಬಾ ಅಂದೆ, ಕಂಪನಿ ಇನ್ಶೂರೆನ್ಸ್ ಇದೆ ಅಂದೆ. "ಹಸ ಯಾರು ನೋಡ್ಕೋತಾರೆ?" ಅಂತ ಒಂದೇ ಮಾತಲ್ಲಿ ಮುಗಿಸಿದ್ಲು. ಊರಿಗೆ ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೇ ಸೇರಿಸಿದ್ವಿ. ಆಪರೇಷನ್ ಹಿಂದಿನ ದಿನ ಸಂಜೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಳ್ಳೋಕೆ ಒಬ್ಬ ಪಿಜಿ ಹುಡುಗ ಬಂದ. ನನಗಿಂತ ಏಳೆಂಟು ವರ್ಷ ಚಿಕ್ಕವನು, ಕಣ್ಣಲ್ಲಿ ನಿದ್ದೆ. "ಆಪರೇಷನ್ ಮಾಡೋದು ಯಾರು ಡಾಕ್ಟ್ರೇ?" ಅಂತ ಕೇಳ್ದೆ. "ಸರ್ ಇರ್ತಾರೆ, ನಾವೂ ಇರ್ತೀವಿ" ಅಂದ. "ನೀವು ಇದುವರೆಗೆ ಎಷ್ಟು ಮಾಡಿದ್ದೀರಿ?" ಅಂತ ಮತ್ತೆ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಸಿಸ್ಟ್ ಮಾಡಿರೋದು ಬೇಕಾದಷ್ಟಿದೆ" ಅಂದ. ಪ್ರಾಮಾಣಿಕ ಹುಡುಗ.

ಅವನು ಹೋದ ಮೇಲೆ ಅವ್ವ ನನ್ನನ್ನೇ ಬೈದ್ಲು. "ಯಾಕ್ಲಾ ಅವನ್ನ ಹಂಗೆ ಕೇಳ್ದೆ? ಅವ್ನೂ ಯಾರ ಮೇಲಾದ್ರೂ ಕಲೀಬೇಕಲ್ವಾ?" ಆಮೇಲೆ ಗೋಡೆ ಕಡೆ ತಿರುಗಿ ಮಲಗ್ತಾ ಇನ್ನೊಂದು ಮಾತು ಸೇರಿಸಿದ್ಲು. "ಆದ್ರೆ ಯಾವಾಗ್ಲೂ ನಮ್ಮಂತೋರ ಮೇಲೇ ಕಲೀತಾರೆ, ಅಲ್ವಾ?"

ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಎಕ್ಸ್‌ಪೋದಲ್ಲಿ ಆ ಸ್ಟಾಲ್ ಮೇಲೆ ಬರೆದಿದ್ದು ಅದಕ್ಕೆ ಉತ್ತರದ ಹಾಗೇ ಇತ್ತು: ಹೊಸ ಸರ್ಜನ್‌ಗಳು ಇನ್ಮುಂದೆ ರೋಗಿಯ ಮೇಲೆ ಕಲಿಯಬೇಕಾಗಿಲ್ಲ, ನಮ್ಮ ಹೆಡ್‌ಸೆಟ್ ಒಳಗೆ ಕಲೀತಾರೆ. ಇದು ನಿಜಾನಾ? ಅಲ್ಲಿಂದ ಬಂದವನು ಕೆಲವು ವಾರ ರಾತ್ರಿ ಕೂತು ಈ ವಿಷಯದ ಪೇಪರ್‌ಗಳನ್ನ ಓದಿದೆ. ಓದಿ ತಿಳಿದದ್ದನ್ನ, ಅನುಮಾನ ಬಂದಿದ್ದನ್ನ ಇಲ್ಲಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ. ಆದರೆ ಸಾಫ್ಟ್‌ವೇರ್ ಹೇಗೆ ಮಾಡ್ತಾರೆ, ಅದನ್ನ ಹೇಗೆ ಮಾರ್ತಾರೆ ಅನ್ನೋದು ಗೊತ್ತು.

ಮೊದಲು ಒಳ್ಳೇದನ್ನೇ ಹೇಳ್ತೀನಿ. ಸಿಮ್ಯುಲೇಟರ್ ಅನ್ನೋ ಯೋಚನೆಯಲ್ಲಿ ಏನೂ ತಪ್ಪಿಲ್ಲ. ಅದು ಹೊಸದೂ ಅಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೇ ಅಂತ ಒಂದು ಅಧ್ಯಾಯ ಇದೆ, ಯೋಗ್ಯಾಸೂತ್ರೀಯ ಅಂತ ಹೆಸರು. ಶಿಷ್ಯ ಶಾಸ್ತ್ರ ಎಲ್ಲ ಓದಿ ಮುಗಿಸಿದ್ರೂ ಕೈ ಪಳಗದೆ ಕೆಲಸಕ್ಕೆ ಯೋಗ್ಯ ಅಲ್ಲ ಅನ್ನೋದು ಅದರ ಸಾರಾಂಶ. ಕೊಯ್ಯೋದನ್ನ ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಗಳ ಮೇಲೆ ಕಲಿ. ಶಲಾಕೆ ಹಾಕಿ ಹುಡುಕೋದನ್ನ ಹುಳು ತಿಂದ ಮರದಲ್ಲಿ ಕಲಿ. ನರ ಚುಚ್ಚೋದನ್ನ ಸತ್ತ ಪ್ರಾಣಿಯ ನರದ ಮೇಲೆ, ತಾವರೆ ದಂಟಿನ ಮೇಲೆ ಕಲಿ. ಹೊಲಿಗೆಯನ್ನ ಬಟ್ಟೆ ಮೇಲೆ, ಮೆತ್ತಗಿನ ಚರ್ಮದ ಮೇಲೆ ಕಲಿ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ವಸ್ತು. ಈ ವಿಂಗಡಣೆ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಆದರೆ ಈಗಿನ ಸರ್ಜರಿ ತರಬೇತಿ ಬೆಳೆದಿದ್ದು ಬೇರೆ ದಾರಿಯಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಶುರು ಮಾಡಿದ ರೆಸಿಡೆನ್ಸಿ ಪದ್ಧತಿಯೇ ಇವತ್ತಿಗೂ ಅಡಿಪಾಯ. ದೊಡ್ಡವರ ಪಕ್ಕ ವರ್ಷಗಟ್ಟಲೆ ನಿಂತು, ನೋಡಿ, ನಿಧಾನವಾಗಿ ಕೈ ಹಾಕ್ತಾ ಕಲಿಯೋದು. "ಒಂದು ನೋಡು, ಒಂದು ಮಾಡು, ಒಂದು ಕಲಿಸು" ಅಂತ ಸರ್ಜನ್‌ಗಳ ನಡುವೆ ಒಂದು ಗಾದೆಯೇ ಇದೆ. ಹೊಟ್ಟೆ ತೆರೆದು ಮಾಡೋ ಆಪರೇಷನ್‌ನಲ್ಲಿ ಇದು ಹೇಗೋ ನಡೀತಿತ್ತು. ಗುರುವಿನ ಕೈ ಕಾಣ್ತಿತ್ತು, ಶಿಷ್ಯನ ಕೈ ತಪ್ಪಿದ್ರೆ ಗುರು ಹಿಡೀತಿದ್ರು.

ಕೀಹೋಲ್ ಸರ್ಜರಿ, ಅಂದ್ರೆ ಲ್ಯಾಪರೋಸ್ಕೋಪಿ, ಬಂದ ಮೇಲೆ ಕಷ್ಟ ಶುರುವಾಯ್ತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಬಾರಿಗೆ ಈ ಥರ ಪಿತ್ತಕೋಶ ತೆಗೆದರು. ಮುಂದಿನ ಏಳೆಂಟು ವರ್ಷದಲ್ಲಿ ಅದು ಜಗತ್ತೆಲ್ಲ ಹಬ್ಬಿಬಿಡ್ತು. ಹೊಟ್ಟೆಗೆ ಮೂರ್ನಾಲ್ಕು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದ ಕಡ್ಡಿಯಂಥ ಉಪಕರಣ. ಸರ್ಜನ್ ನೋಡೋದು ರೋಗಿಯನ್ನಲ್ಲ, ಟೀವಿ ಪರದೆಯನ್ನ. ಕಡ್ಡಿ ತೂತಿನ ಹತ್ತಿರ ಸನ್ನೆಗೋಲಿನ ಹಾಗೆ ತಿರುಗೋದ್ರಿಂದ, ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತೆ. ಕೈ ಮೇಲೆತ್ತಿದ್ರೆ ತುದಿ ಕೆಳಗಿಳಿಯುತ್ತೆ. ಹುಟ್ಟಿದಾಗಿನಿಂದ ಕಲಿತ ಕೈ-ಕಣ್ಣಿನ ಲೆಕ್ಕವನ್ನೆಲ್ಲ ತಲೆಕೆಳಗೆ ಮಾಡ್ಕೋಬೇಕು. ಅದನ್ನ ಕಲಿಯೋಕೆ ಜೀವಂತ ಮನುಷ್ಯನ ಹೊಟ್ಟೆಯೇ ಆಗಬೇಕಾ? ಆಗಬೇಕಾಗಿಲ್ಲ ಅನ್ನೋದೇ ಸಿಮ್ಯುಲೇಟರ್ ಮಾಡಿದವರ ವಾದ. ಅದು ಸರಿಯಾದ ವಾದ.

ಅದಕ್ಕೆ ಪುರಾವೆಯೂ ಸಿಕ್ಕಿದೆ. ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸೋ ಪ್ರಯೋಗ 2002ರಲ್ಲಿ 'ಆನಲ್ಸ್ ಆಫ್ ಸರ್ಜರಿ' ಪತ್ರಿಕೆಯಲ್ಲಿ ಬಂತು, ಮಾಡಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. 16 ಜನ ಕಲಿಯೋ ಸರ್ಜನ್‌ಗಳು. ಅರ್ಧ ಜನಕ್ಕೆ ಮಾಮೂಲಿ ತರಬೇತಿ, ಇನ್ನರ್ಧಕ್ಕೆ ಅದರ ಜೊತೆ ಮಿಸ್ಟ್-ವಿಆರ್ ಅನ್ನೋ ಸಿಮ್ಯುಲೇಟರ್. ಆಮೇಲೆ ಎಲ್ಲರೂ ನಿಜವಾದ ರೋಗಿಯ ಮೇಲೆ, ಹಿರಿಯರ ಎದುರಲ್ಲಿ, ಪಿತ್ತಕೋಶವನ್ನ ಲಿವರ್‌ನಿಂದ ಬಿಡಿಸಿದ್ರು. ಯಾರು ಯಾವ ಗುಂಪು ಅಂತ ಗೊತ್ತಿಲ್ಲದವರು ವಿಡಿಯೋ ನೋಡಿ ತಪ್ಪು ಎಣಿಸಿದ್ರು. ಸಿಮ್ಯುಲೇಟರ್‌ನಲ್ಲಿ ಕಲಿತವರು ಶೇಕಡಾ 29ರಷ್ಟು ಬೇಗ ಮುಗಿಸಿದ್ರು. ಅವರ ತಪ್ಪು ಸರಾಸರಿ 1.19, ಇನ್ನೊಂದು ಗುಂಪಿನದು 7.38. ಪಿತ್ತಕೋಶಕ್ಕೆ ಗಾಯ ಮಾಡೋ ಅಥವಾ ಪಕ್ಕದ ಅಂಗಾಂಶ ಸುಡೋ ಸಾಧ್ಯತೆ ಸಿಮ್ಯುಲೇಟರ್ ಇಲ್ಲದವರಲ್ಲಿ ಐದು ಪಟ್ಟು ಜಾಸ್ತಿ ಇತ್ತು.

2009ರಲ್ಲಿ ಡೆನ್ಮಾರ್ಕ್‌ನಲ್ಲಿ ಇನ್ನೊಂದು ಪ್ರಯೋಗ ನಡೀತು. ಗರ್ಭನಾಳ ತೆಗೆಯೋ ಕೀಹೋಲ್ ಆಪರೇಷನ್, 24 ಕಿರಿಯ ಡಾಕ್ಟರ್‌ಗಳು. ಸಿಮ್ಯುಲೇಟರ್‌ನಲ್ಲಿ ಪಳಗಿದವರು 12 ನಿಮಿಷದಲ್ಲಿ ಮುಗಿಸಿದ್ದನ್ನ ಉಳಿದವರು 24 ನಿಮಿಷದಲ್ಲಿ ಮುಗಿಸಿದ್ರು. ಅವರ ಕೈಚಳಕ 20ರಿಂದ 50 ಆಪರೇಷನ್ ಮಾಡಿದವರ ಮಟ್ಟದಲ್ಲಿತ್ತು, ಉಳಿದವರದು ಐದೂ ಮಾಡದವರ ಮಟ್ಟದಲ್ಲಿ. ಅಂದ್ರೆ ಕೈ ಪಳಗೋಕೆ ಬೇಕಾದ ಮೊದಲ ಇಪ್ಪತ್ತು ರೋಗಿಗಳ ಕೆಲಸವನ್ನ ಒಂದು ಯಂತ್ರ ಮಾಡ್ತು. ನಮ್ಮವ್ವನಂಥ ಇಪ್ಪತ್ತು ಜನ. ಇದನ್ನ ಓದಿದಾಗ ನನಗೆ ನಿಜವಾಗ್ಲೂ ರೋಮಾಂಚನ ಆಯ್ತು.

ಈಗ ಅನುಮಾನಗಳಿಗೆ ಬರೋಣ.

ಮೊದಲನೇದು, ಆ ಮಿಸ್ಟ್-ವಿಆರ್ ನೋಡೋಕೆ ಹೇಗಿತ್ತು ಗೊತ್ತಾ? ಯೂಟ್ಯೂಬಿನಲ್ಲಿ ಹುಡುಕಿ ನೋಡಿದೆ, ನಗು ಬಂತು. ತಲೆಗೆ ಹಾಕೋ ಹೆಡ್‌ಸೆಟ್ಟೇ ಇಲ್ಲ. ಮಾಮೂಲಿ ಡೆಸ್ಕ್‌ಟಾಪ್ ಕಂಪ್ಯೂಟರು, ಎರಡು ಹಿಡಿಕೆ. ಪರದೆ ಮೇಲೆ ಲಿವರ್ ಇಲ್ಲ, ರಕ್ತ ಇಲ್ಲ, ನರ್ಸ್ ಇಲ್ಲ. ಗೋಲಿಯಂಥ ಗುಂಡುಗಳು, ಗೆರೆಯಲ್ಲಿ ಬರೆದ ಪೆಟ್ಟಿಗೆ. ಗುಂಡನ್ನ ಹಿಡಿ, ಈ ಕೈಯಿಂದ ಆ ಕೈಗೆ ಕೊಡು, ಪೆಟ್ಟಿಗೆಯೊಳಗೆ ಇಡು, ಹೇಳಿದ ಜಾಗ ಮುಟ್ಟಿ ಸುಡು. ಅಷ್ಟೇ. ನಮ್ಮ ಕಾಲೇಜ್ ಮಿನಿ ಪ್ರಾಜೆಕ್ಟುಗಳೇ ಇದಕ್ಕಿಂತ ಚೆನ್ನಾಗಿರ್ತಿದ್ವು.

ಹಾಗಾದ್ರೆ ಅದು ಕೆಲಸ ಮಾಡಿದ್ದು ಹೇಗೆ? ಪೇಪರ್‌ನ ವಿಧಾನದ ಭಾಗದಲ್ಲಿ ಉತ್ತರ ಇದೆ. ಮೊದಲು ಅನುಭವಿ ಸರ್ಜನ್‌ಗಳನ್ನ ಆ ಯಂತ್ರದ ಮುಂದೆ ಕೂರಿಸಿ ಅವರ ಸಾಧನೆಯನ್ನ ಅಳೆದರು. ಅದನ್ನೇ ಗೆರೆ ಅಂತ ಇಟ್ಟರು. ಕಲಿಯೋನು ಎರಡೂ ಕೈಯಲ್ಲಿ, ಸತತ ಎರಡು ಸಲ ಆ ಗೆರೆ ಮುಟ್ಟೋ ತನಕ ತರಬೇತಿ ಮುಗಿಯಲ್ಲ. ಇಷ್ಟು ಗಂಟೆ ಕೂತೆ, ಸರ್ಟಿಫಿಕೇಟ್ ಕೊಡಿ ಅನ್ನೋ ಹಾಗಿಲ್ಲ. ಡೆನ್ಮಾರ್ಕ್‌ನಲ್ಲೂ ಹೀಗೇ, ನಿಗದಿತ ಮಟ್ಟ ಮುಟ್ಟಿದ ಮೇಲೇನೇ ರೋಗಿಯ ಹತ್ತಿರ ಹೋಗಿದ್ದು. ಫಲ ಕೊಟ್ಟಿದ್ದು ಆ ಗೆರೆ, ಅದನ್ನ ಮುಟ್ಟೋ ತನಕ ಬಿಡದ ಹಟ. ಚಿತ್ರದ ಚಂದ ಅಲ್ಲ.

ಆದರೆ ಇವತ್ತು ಮಾರಾಟ ಆಗ್ತಿರೋದು ಚಿತ್ರದ ಚಂದವೇ. ಎಕ್ಸ್‌ಪೋದ ಹುಡುಗ ನನಗೆ ಹತ್ತು ಸಲ ಹೇಳಿದ್ದು "ಸರ್, ಎಷ್ಟು ರಿಯಲಿಸ್ಟಿಕ್ ಇದೆ ನೋಡಿ" ಅಂತ. 91 ಯಾವುದರ ಮೇಲೆ ಬಂತು, ಪಳಗಿದ ಸರ್ಜನ್ ಕೂತ್ರೆ ಎಷ್ಟು ಬರುತ್ತೆ ಅಂತ ಕೇಳಿದ್ದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ನನಗೆ ಆ ಅಂಕ ಹೇಗೆ ಬಂತು ಅಂತ ಮಾತ್ರ ಒಂದು ಊಹೆ ಇದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವಾರಕ್ಕೆ ಮೂರು ಗಂಟೆಗಿಂತ ಜಾಸ್ತಿ ವಿಡಿಯೋ ಗೇಮ್ ಆಡ್ತಿದ್ದ ಸರ್ಜನ್‌ಗಳು ಕೀಹೋಲ್ ಅಭ್ಯಾಸದ ಆಟಗಳಲ್ಲಿ ಶೇಕಡಾ 37ರಷ್ಟು ಕಡಿಮೆ ತಪ್ಪು ಮಾಡಿದ್ರು. ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿ ಕೌಂಟರ್-ಸ್ಟ್ರೈಕ್ ಆಡಿದ್ದು ಕೊನೆಗೂ ಎಲ್ಲೋ ಉಪಯೋಗಕ್ಕೆ ಬಂತು.

ಹೊಸ ಹೆಡ್‌ಸೆಟ್ ಕಂಪನಿಗಳ ಅಂಕಿಗಳನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಓಸ್ಸೋ ವಿಆರ್ ಅನ್ನೋ ಅಮೆರಿಕದ ಕಂಪನಿ ಬಗ್ಗೆ ಬರೆದವರೆಲ್ಲ ಬರೆಯೋ ಸಂಖ್ಯೆ ಒಂದಿದೆ: ಶೇಕಡಾ 230ರಷ್ಟು ಸುಧಾರಣೆ. ಅದರ ಹಿಂದಿರೋ, 2020ರಲ್ಲಿ ಬಂದ ಪೇಪರ್ ತೆಗೆದು ನೋಡಿದೆ. ಮುರಿದ ಮೊಣಕಾಲ ಕೆಳಗಿನ ಮೂಳೆಗೆ ರಾಡ್ ಹಾಕೋ ಆಪರೇಷನ್. ಭಾಗವಹಿಸಿದ್ದು 20 ಜನ, ಸರ್ಜನ್‌ಗಳಲ್ಲ, ಮೊದಲ ಮತ್ತು ಎರಡನೇ ವರ್ಷದ ಮೆಡಿಕಲ್ ವಿದ್ಯಾರ್ಥಿಗಳು. ಪರೀಕ್ಷೆ ನಡೆದಿದ್ದು ಕೃತಕ ಮೂಳೆ ಮೇಲೆ. ವಿಆರ್ ಗುಂಪು ಶೇಕಡಾ 63ರಷ್ಟು ಹಂತಗಳನ್ನ ಸರಿಯಾಗಿ ಮಾಡ್ತು, ಇನ್ನೊಂದು ಗುಂಪು ಶೇಕಡಾ 25. ಆ ಇನ್ನೊಂದು ಗುಂಪಿಗೆ ಕೊಟ್ಟಿದ್ದೇನು? ಓದಿಕೊಳ್ಳೋಕೆ ಒಂದು ಕೈಪಿಡಿ. ಸೈಕಲ್ ಪುಸ್ತಕ ಓದಿದವನಿಗಿಂತ ಸೈಕಲ್ ತುಳಿದವನು ಚೆನ್ನಾಗಿ ಓಡಿಸ್ತಾನೆ ಅನ್ನೋಕೆ ಪ್ರಯೋಗ ಬೇಕಾ? ಪೇಪರ್ ಬರೆದವರು ಮೋಸ ಮಾಡಿಲ್ಲ, ಎಲ್ಲ ಬಿಚ್ಚಿ ಹೇಳಿದ್ದಾರೆ. ಆ ಒಂದು ಸಂಖ್ಯೆ ಮಾತ್ರ ಪೇಪರ್‌ನಿಂದ ಎದ್ದು ಬಂದು ಒಂಟಿಯಾಗಿ ತಿರುಗಾಡ್ತಾ ಇದೆ.

ಇನ್ನು ಸ್ಪರ್ಶದ ವಿಷಯ. ನಾನು ಹಾಲು ಕರೆಯೋದು ಕಲಿತಿದ್ದು ಎಂಟನೇ ವಯಸ್ಸಿನಲ್ಲಿ. ಅವ್ವ ಬಾಯಲ್ಲಿ ಹೇಳಿಕೊಟ್ಟಿದ್ದು ಬಹಳ ಕಡಿಮೆ. ಜಾಸ್ತಿ ಹಿಂಡಿದ್ರೆ ಹಸು ಕಾಲೆತ್ತುತ್ತೆ, ಕಡಿಮೆ ಹಿಂಡಿದ್ರೆ ಹಾಲು ಬರಲ್ಲ. ಕೆಚ್ಚಲೇ ಕೈಗೆ ಪಾಠ ಹೇಳ್ತಿತ್ತು. ಕಂಟ್ರೋಲರ್ ಹಿಡಿದು ಮಾಡೋ ಆಪರೇಷನ್‌ನಲ್ಲಿ ಲಿವರ್ ಎಳೆದ್ರೂ ಅಷ್ಟೇ, ಗಾಳಿ ಎಳೆದ್ರೂ ಅಷ್ಟೇ, ಕೈ ಸ್ವಲ್ಪ ಗುಂಯ್ ಅನ್ನುತ್ತೆ. ಎಳೆತದ ಪ್ರತಿರೋಧ ಕೊಡೋ ಸಿಮ್ಯುಲೇಟರ್‌ಗಳೂ ಇವೆ, ಅವು ದುಬಾರಿ. ಇದರ ಬದಲು ಒಂದು ಪ್ಲಾಸ್ಟಿಕ್ ಡಬ್ಬ ತಗೊಂಡು, ಮುಚ್ಚಳಕ್ಕೆ ತೂತು ಕೊರೆದು, ಒಳಗೆ ವೆಬ್‌ಕ್ಯಾಮ್ ಇಟ್ಟು, ನಿಜವಾದ ಉಪಕರಣ ತೂರಿಸಿದ್ರೆ ಅದಕ್ಕೆ ಬಾಕ್ಸ್ ಟ್ರೈನರ್ ಅಂತಾರೆ. ಅದರಲ್ಲಿ ದಾರ ನಿಜದ ದಾರ, ಗಂಟು ನಿಜದ ಗಂಟು, ಎಳೆದ್ರೆ ಕೈಗೆ ಗೊತ್ತಾಗುತ್ತೆ. ಅಮೆರಿಕದಲ್ಲಿ ಜನರಲ್ ಸರ್ಜನ್ ಆಗೋಕೆ ಪಾಸ್ ಮಾಡಲೇಬೇಕಾದ ಎಫ್‌ಎಲ್‌ಎಸ್ ಪರೀಕ್ಷೆಯ ಕೈಕೆಲಸದ ಭಾಗ ನಡೆಯೋದು ಇಂಥ ಪೆಟ್ಟಿಗೆಯಲ್ಲೇ. ಸುಶ್ರುತನ ಸೋರೆಕಾಯಿಯ ಮೊಮ್ಮಗ ಅನ್ನಿ.

ಎರಡನೇ ಅನುಮಾನ ಇದಕ್ಕಿಂತ ದೊಡ್ಡದು. 2013ರಲ್ಲಿ ಕಾಕ್ರೇನ್ ಸಂಸ್ಥೆಯವರು ಕೀಹೋಲ್ ಸರ್ಜರಿ ಕಲಿಯೋರ ವಿಆರ್ ತರಬೇತಿ ಬಗ್ಗೆ ಆಗಿನ ತನಕ ಬಂದಿದ್ದ ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದ್ರು. ಅವರ ಮಾನದಂಡಕ್ಕೆ ಸಿಕ್ಕಿದ್ದು 8 ಪ್ರಯೋಗ, ಒಟ್ಟು 109 ಜನ. ಆಪರೇಷನ್ ಸಮಯ ಕಡಿಮೆ ಆಗುತ್ತೆ, ಕೈಕೆಲಸ ಸುಧಾರಿಸುತ್ತೆ ಅಂತ ಕಂಡುಬಂತು. ಪೆಟ್ಟಿಗೆಗೆ ಹೋಲಿಸಿದ್ರೂ ವಿಆರ್ ಮುಂದಿದೆ ಅನ್ನೋ ಸೂಚನೆ ಇತ್ತು, ಆದರೆ ಹಾಗೆ ಹೋಲಿಸಿದ ಪ್ರಯೋಗ ಎರಡೇ. ಇರ್ಲಿ. ನನ್ನನ್ನ ನಿಲ್ಲಿಸಿದ್ದು ಅದಾದ ಮೇಲಿನ ಸಾಲು. ಎಂಟಕ್ಕೆ ಎಂಟೂ ಪ್ರಯೋಗಗಳಲ್ಲಿ ಅಳೆದಿದ್ದು ಸಮಯ ಮತ್ತು ಕೈಕೆಲಸ, ಎರಡೇ. ರೋಗಿ ಬದುಕಿದ್ರಾ, ಆಮೇಲೆ ತೊಂದರೆ ಆಯ್ತಾ, ಎಷ್ಟು ದಿನ ಆಸ್ಪತ್ರೆಯಲ್ಲಿದ್ರು, ಹೇಗಿದಾರೆ, ಇದ್ಯಾವುದನ್ನೂ ಒಂದೂ ಪ್ರಯೋಗ ವರದಿ ಮಾಡಿರಲಿಲ್ಲ.

ರೋಗಿಯನ್ನ ಉಳಿಸೋಕೆ ಅಂತ ಹುಟ್ಟಿದ ಯಂತ್ರ. ಅದರ ಪರೀಕ್ಷೆಯ ಫಲಿತಾಂಶದಲ್ಲಿ ರೋಗಿಯೇ ಇಲ್ಲ.

ಇದಕ್ಕೆ ಸಂಶೋಧಕರನ್ನ ಬೈಯೋಕೆ ಹೋಗಲ್ಲ. ದೊಡ್ಡ ಅನಾಹುತಗಳು ಅಪರೂಪ, ಅದನ್ನ ಅಳೆಯೋಕೆ ಸಾವಿರಾರು ಆಪರೇಷನ್ ಬೇಕು, 16 ಜನದಿಂದ ಆಗಲ್ಲ. ಆದರೆ ಇದರಿಂದ ಒಂದು ಅಭ್ಯಾಸ ಬೆಳೆದುಬಿಡುತ್ತೆ. ನನಗೆ ಈ ಅಭ್ಯಾಸ ಚೆನ್ನಾಗಿ ಪರಿಚಯ. ನಮ್ಮ ಆಫೀಸಲ್ಲಿ ಲಾಗ್ ಮಾಡೋಕೆ ಸುಲಭ ಇರೋದನ್ನ ಲಾಗ್ ಮಾಡ್ತೀವಿ, ಲಾಗ್ ಆಗಿದ್ದನ್ನ ಡ್ಯಾಶ್‌ಬೋರ್ಡಿಗೆ ಹಾಕ್ತೀವಿ, ಆರು ತಿಂಗಳಾದ ಮೇಲೆ ಡ್ಯಾಶ್‌ಬೋರ್ಡಲ್ಲಿ ಇರೋದೇ ಕೆಲಸ ಅಂತ ನಂಬ್ತೀವಿ. ಬಳಸೋನಿಗೆ ತೊಂದರೆ ಆಗ್ತಿದ್ಯಾ ಅಂತ ಅಳೆಯೋದು ಕಷ್ಟ, ಪೇಜ್ ಎಷ್ಟು ಮಿಲಿಸೆಕೆಂಡಲ್ಲಿ ತೆರೀತು ಅನ್ನೋದು ಸುಲಭ. ಸಿಮ್ಯುಲೇಟರ್‌ಗೂ ಅಷ್ಟೇ. ಕೈ ಎಷ್ಟು ಸೆಂಟಿಮೀಟರ್ ಓಡಾಡ್ತು, ಎಷ್ಟು ಸೆಕೆಂಡ್ ತಗೊಳ್ತು, ಎಷ್ಟು ಸಲ ತಪ್ಪು ಜಾಗ ಮುಟ್ತು ಅನ್ನೋದನ್ನ ಸಾಫ್ಟ್‌ವೇರ್ ತಾನೇತಾನಾಗಿ ಎಣಿಸುತ್ತೆ. ನನ್ನ 91 ಇಂಥವುಗಳದ್ದೇ ಮೊತ್ತ ಇರಬೇಕು.

ಮೂರನೇ ಅನುಮಾನ ಈ ಎಣಿಕೆಯ ಬಗ್ಗೆಯೇ. ಪಿತ್ತಕೋಶದ ಆಪರೇಷನ್‌ನಲ್ಲಿ ನಿಜವಾಗಿ ಹೆದರಬೇಕಾದ್ದು ಯಾವುದಕ್ಕೆ? ಪಿತ್ತಕೋಶದಿಂದ ಹೊರಡೋ ಸಣ್ಣ ನಾಳವನ್ನ ಕ್ಲಿಪ್ ಹಾಕಿ ಕತ್ತರಿಸಬೇಕು. ಅದರ ಪಕ್ಕದಲ್ಲೇ ಲಿವರ್‌ನಿಂದ ಕರುಳಿಗೆ ಹೋಗೋ ಮುಖ್ಯ ಪಿತ್ತನಾಳ ಇದೆ. ಅದು ಇದು ಅಂದುಕೊಂಡು ಅದನ್ನೇ ಕತ್ತರಿಸಿದ್ರೆ ರೋಗಿಯ ಬದುಕೇ ಬದಲಾಗಿಹೋಗುತ್ತೆ, ಮತ್ತೆ ಮತ್ತೆ ಆಪರೇಷನ್, ವರ್ಷಗಟ್ಟಲೆ ನರಳಾಟ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು ಹೀಗೆ ಪಿತ್ತನಾಳಕ್ಕೆ ಗಾಯವಾದ 252 ಪ್ರಕರಣಗಳನ್ನ ಒಂದೊಂದಾಗಿ ಬಿಡಿಸಿ ನೋಡಿದ್ರು. ಕೈಚಳಕದ ದೋಷ ಕಂಡಿದ್ದು ಶೇಕಡಾ 3ರಲ್ಲಿ ಮಾತ್ರ. ಶೇಕಡಾ 97ರಲ್ಲಿ ಮುಖ್ಯ ಕಾರಣ ದೃಷ್ಟಿಭ್ರಮೆ. ಕಣ್ಣಿಗೆ ಕಂಡಿದ್ದನ್ನ ಮನಸ್ಸು ಬೇರೇನೋ ಅಂತ ಓದಿತ್ತು. ಆ ಭ್ರಮೆ ಎಷ್ಟು ಗಟ್ಟಿ ಅಂದ್ರೆ, ಹೆಚ್ಚಿನ ಸಲ ತಪ್ಪಾಗಿದೆ ಅಂತ ಸರ್ಜನ್‌ಗೆ ಆಗ ಗೊತ್ತೇ ಆಗಿರಲಿಲ್ಲ. ಕೈ ನಡುಗಲಿಲ್ಲ, ಸಮಯ ಮೀರಲಿಲ್ಲ. ಬಹಳ ಅಚ್ಚುಕಟ್ಟಾಗಿ, ತಪ್ಪು ನಾಳ ಕತ್ತರಿಸಿದ್ರು.

ಈಗ ಯೇಲ್ ಪ್ರಯೋಗಕ್ಕೆ ವಾಪಸ್ ಬನ್ನಿ. ಅಲ್ಲಿ ತಪ್ಪು ಎಣಿಸಿದ್ದು ಪಿತ್ತಕೋಶವನ್ನ ಲಿವರ್‌ನಿಂದ ಬಿಡಿಸೋ ಹಂತದಲ್ಲಿ, ಅಂದ್ರೆ ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಿ ಆದ ಮೇಲೆ. ಕೈ ಪಳಗಿದ್ಯಾ ಅಂತ ನೋಡೋಕೆ ಅದು ಒಳ್ಳೆ ಹಂತ, ಸರಿ. ಆದರೆ ಜೀವಕ್ಕೆ ಕುತ್ತು ತರೋ ನಿರ್ಧಾರ ಅಷ್ಟರಲ್ಲಿ ಮುಗಿದುಹೋಗಿರುತ್ತೆ.

ಕಣ್ಣಿನ ಈ ತಪ್ಪಿಗೆ ಸರ್ಜನ್‌ಗಳು ತಾವೇ ಒಂದು ಮದ್ದು ಕಂಡ್ಕೊಂಡಿದ್ದಾರೆ. 1995ರಲ್ಲಿ ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಹೇಳಿದ 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ'. ಸುತ್ತಲಿನ ಕೊಬ್ಬು, ಪೊರೆ ಎಲ್ಲ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನ ಲಿವರ್‌ನಿಂದ ಸ್ವಲ್ಪ ಎಬ್ಬಿಸಿ, ಎರಡೇ ಎರಡು ರಚನೆ ಪಿತ್ತಕೋಶಕ್ಕೆ ಹೋಗ್ತಿರೋದು ಸ್ಪಷ್ಟವಾಗಿ ಕಾಣೋ ತನಕ ಕತ್ತರಿ ಮುಟ್ಟಬೇಡ. ಕಾಣದಿದ್ರೆ ನಿಲ್ಲಿಸು. ಇನ್ನೊಬ್ಬರನ್ನ ಕರಿ. ಬೇಕಾದ್ರೆ ಹೊಟ್ಟೆ ತೆರೆದು ಮಾಡು. ಇದರಲ್ಲಿ ಅತಿ ಮುಖ್ಯವಾದ ಕೌಶಲ ನಿಲ್ಲಿಸೋದು. ಎಕ್ಸ್‌ಪೋದ ಹೆಡ್‌ಸೆಟ್‌ನಲ್ಲಿ ನಾನು ನಾಳದ ಹತ್ತಿರ ಬಂದಾಗ ಅದು ನೀಲಿ ಬಣ್ಣದಲ್ಲಿ ಮಿಣಮಿಣ ಮಿಂಚ್ತು, 'ಇಲ್ಲಿ ಕ್ಲಿಪ್ ಹಾಕಿ' ಅಂತ ಬಾಣದ ಗುರುತು ಬಂತು. ನಾನು ಹಾಕ್ದೆ. ಅತಿ ಕಷ್ಟದ ಪ್ರಶ್ನೆಗೆ ಯಂತ್ರವೇ ಉತ್ತರ ಹೇಳಿಕೊಟ್ಟು, ಉಳಿದಿದ್ದಕ್ಕೆ ನನಗೆ ಅಂಕ ಕೊಡ್ತು.

ಬೇಜಾರಾಗೋದು ಯಾಕಂದ್ರೆ, ಇದನ್ನ ಕಲಿಸೋಕೆ ವಿಆರ್‌ಗಿಂತ ಒಳ್ಳೆ ಸಾಧನ ಇನ್ನೊಂದಿಲ್ಲ ಅಂತ ನನಗನ್ಸುತ್ತೆ. ಮನುಷ್ಯರ ದೇಹ ಒಬ್ಬರದಿದ್ದ ಹಾಗೆ ಒಬ್ಬರದಿರಲ್ಲ. ನಾಳ ಗಿಡ್ಡ ಇರಬಹುದು, ಉರಿಯೂತದಿಂದ ಎಲ್ಲ ಅಂಟಿಕೊಂಡಿರಬಹುದು, ಎರಡು ನಾಳ ಒಂದೇ ಥರ ಕಾಣಬಹುದು. ಸೋರೆಕಾಯಿಯಲ್ಲಿ, ಪ್ಲಾಸ್ಟಿಕ್ ಡಬ್ಬದಲ್ಲಿ ಇದನ್ನ ತೋರಿಸೋಕಾಗಲ್ಲ. ಸಾಫ್ಟ್‌ವೇರಲ್ಲಿ ನೂರು ಥರ ತೋರಿಸಬಹುದು. ಬಾಣ ತೆಗೆದುಹಾಕಿ, ಮೋಸಗೊಳಿಸೋ ಹೊಟ್ಟೆಗಳನ್ನ ಒಂದರ ಹಿಂದೆ ಒಂದು ಕೊಡಿ. ಹತ್ತರಲ್ಲಿ ಮೂರನ್ನ ಮುಂದುವರಿಸೋಕೇ ಆಗದ ಹಾಗೆ ಮಾಡಿ, ಅಲ್ಲಿ ನಿಲ್ಲಿಸಿದವನಿಗೆ ಪೂರ್ತಿ ಅಂಕ ಕೊಡಿ. ಕೈಗೆ ಡಬ್ಬ ಸಾಕು, ಕಣ್ಣಿಗೆ ಹೆಡ್‌ಸೆಟ್ ಇರಲಿ. ಸುಶ್ರುತನ ಅಧ್ಯಾಯ ಹಾಗೇ ತಾನೇ ಇದ್ದಿದ್ದು, ಒಂದೊಂದು ಕೆಲಸಕ್ಕೆ ಒಂದೊಂದು ವಸ್ತು. ಎಲ್ಲದಕ್ಕೂ ಕುಂಬಳಕಾಯಿ ಅನ್ನಲಿಲ್ಲ ಅವನು.

ಕೊನೆಯದಾಗಿ ವಿಮಾನದ ಹೋಲಿಕೆ. ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಕಲಿಯಲ್ವಾ ಅಂತ ಈ ಕಂಪನಿಗಳೆಲ್ಲ ಕೇಳ್ತವೆ. ಕೇಳಲಿ, ಒಳ್ಳೆ ಹೋಲಿಕೆಯೇ. 1929ರಲ್ಲಿ ಎಡ್ವಿನ್ ಲಿಂಕ್ ಅನ್ನೋನು ತನ್ನ ಅಪ್ಪನ ಆರ್ಗನ್ ಫ್ಯಾಕ್ಟರಿಯ ಗಾಳಿತಿದಿಗಳನ್ನ ಬಳಸಿ ಮೊದಲ ವಿಮಾನ ಸಿಮ್ಯುಲೇಟರ್ ಮಾಡಿದ. ಅದನ್ನ ಜಾತ್ರೆಯ ಆಟಿಕೆ ಥರ ನೋಡ್ತಿದ್ರು. 1934ರಲ್ಲಿ ಅಮೆರಿಕದ ಸೇನೆ ಅಂಚೆ ವಿಮಾನ ಹಾರಿಸೋಕೆ ಹೋಗಿ, ಕೆಟ್ಟ ಹವೆಯಲ್ಲಿ ಕೆಲವೇ ವಾರಗಳಲ್ಲಿ ಹಲವು ಪೈಲಟ್‌ಗಳು ಸತ್ತ ಮೇಲೇ ಸೇನೆ ಅದನ್ನ ಕೊಂಡಿದ್ದು. ಆದರೆ ಹೋಲಿಕೆ ಮಾಡೋರು ಒಂದು ಮಾತು ಬಿಟ್ಟುಬಿಡ್ತಾರೆ. ಇವತ್ತು ವಿಮಾನ ಕಂಪನಿಯ ಪೈಲಟ್ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಫೇಲ್ ಆದರೆ, ಮತ್ತೆ ಪಾಸ್ ಆಗೋ ತನಕ ವಿಮಾನ ಹತ್ತೋ ಹಾಗಿಲ್ಲ. ಆ ಯಂತ್ರಕ್ಕೆ ಬೇಡ ಅನ್ನೋ ಅಧಿಕಾರ ಇದೆ.

ನಮ್ಮಲ್ಲಿ ಈಗ ಮೆಡಿಕಲ್ ಕಾಲೇಜುಗಳಿಗೆ ಸ್ಕಿಲ್ಸ್ ಲ್ಯಾಬ್ ಕಡ್ಡಾಯ. ಒಳ್ಳೆ ಹೆಜ್ಜೆ. ಪಿಜಿ ಮಾಡ್ತಿರೋ ನನ್ನ ಪಿಯುಸಿ ಗೆಳೆಯನ ತಮ್ಮನನ್ನ ಕೇಳ್ದೆ, ನಿಮ್ಮ ಕಾಲೇಜಲ್ಲಿ ಹೇಗೆ ಅಂತ. "ಇದೆ ಅಣ್ಣ, ಏಸಿ ರೂಮು. ಇನ್‌ಸ್ಪೆಕ್ಷನ್ ಬಂದಾಗ ತೆಗೀತಾರೆ" ಅಂದ. ಬೀಗ ಯಾರ ಹತ್ರ ಇರುತ್ತೆ ಅಂದಿದ್ದಕ್ಕೆ ನಕ್ಕ. "ಬೀಗ ಸಿಕ್ರೂ ಟೈಮ್ ಸಿಗಬೇಕಲ್ಲಣ್ಣ. ಮೂವತ್ತಾರು ಗಂಟೆ ಡ್ಯೂಟಿ ಮುಗಿಸಿ ಗೋಲಿ ಎತ್ತಿಡೋಕೆ ಯಾರು ಹೋಗ್ತಾರೆ?" ಎಲ್ಲ ಕಡೆ ಹೀಗೇ ಅಂತ ನಾನು ಹೇಳಲ್ಲ. ಆದರೆ ಯಂತ್ರ ಕೊಳ್ಳೋದು ಒಂದು ದಿನದ ಟೆಂಡರ್ ಕೆಲಸ. ಅದರ ಮುಂದೆ ಕೂರೋಕೆ ಡ್ಯೂಟಿ ಪಟ್ಟಿಯಲ್ಲಿ ಜಾಗ ಮಾಡೋದು, ಗೆರೆ ಎಳೆಯೋದು, ಗೆರೆ ಮುಟ್ಟದವನನ್ನ ಓಟಿ ಬಾಗಿಲಲ್ಲಿ ನಿಲ್ಲಿಸೋದು ವರ್ಷವಿಡೀ ನಡೀಬೇಕಾದ ಕೆಲಸ. ಯೇಲ್‌ನಲ್ಲಿ, ಡೆನ್ಮಾರ್ಕ್‌ನಲ್ಲಿ ಫಲ ಕೊಟ್ಟಿದ್ದು ಈ ಎರಡನೇ ಕೆಲಸ. ಅದನ್ನ ಯಾವ ಕಂಪನಿಯೂ ಸ್ಟಾಲ್ ಹಾಕಿ ಮಾರಲ್ಲ.

ಇಷ್ಟೆಲ್ಲ ಓದಿ, ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ನನ್ನ ಎಕ್ಸ್‌ಪೋ ವಿಡಿಯೋ ತೋರಿಸ್ದೆ. ಅವಳ ಆಪರೇಷನ್ ಚೆನ್ನಾಗೇ ಆಗಿತ್ತು, ಮೂರನೇ ದಿನಕ್ಕೆ ಮನೆಗೆ ಬಂದು ಹಸು ಮುಂದೆ ನಿಂತಿದ್ಲು. ಕೈ ಹಾಕಿದ್ದು ದೊಡ್ಡ ಡಾಕ್ಟ್ರೋ, ಆ ಹುಡುಗನೋ ನಮಗೆ ಇವತ್ತಿಗೂ ಗೊತ್ತಿಲ್ಲ. ಫೋನ್ ಕಣ್ಣ ಹತ್ತಿರ ಹಿಡಿದು ಪೂರ್ತಿ ನೋಡಿದ್ಲು.

"ಇದ್ರಲ್ಲಿ ತಪ್ಪು ಮಾಡಿದ್ರೆ ಏನಾಯ್ತದೆ?"

"ಮಾರ್ಕ್ಸ್ ಕಡಿಮೆ ಬತ್ತದೆ ಕಣವ್ವ."

"ಕಡಿಮೆ ಬಂದೋರ್ನ ಆಪರೇಷನ್‌ಗೆ ಬಿಡಕಿಲ್ವಾ?"

"ಬಿಡ್ತಾರೆ."

ಫೋನ್ ನನ್ನ ಕೈಗೆ ವಾಪಸ್ ಕೊಟ್ಲು. "ಮತ್ತೆ ಅದು ಯಾತಕ್ಕ್ಲಾ?" ಅಂದು ಹಾಲು ಕರೆಯೋಕೆ ಎದ್ದುಹೋದ್ಲು.